ಇಬ್ಬರ ಟೆಂಟು, ಇಪ್ಪತ್ತೆಂಟು ಸೆಂಟಿಮೀಟರ್ ಸ್ನೇಹ

ಚೀಲದ ಮೇಲೆ ‘ಇಬ್ಬರಿಗೆ’ ಎಂದು ಬರೆದದ್ದನ್ನು ನಂಬುವ ಮೊದಲು ಒಮ್ಮೆ ಟೇಪು ಹಿಡಿಯಿರಿ ಮಾರಾಯ್ರೆ. ಇಂಥ ಟೆಂಟಿನ ಒಳಗಲ ಸಾಮಾನ್ಯವಾಗಿ 130 ಸೆಂ.ಮೀ. ಆಸುಪಾಸು. ಮಲಗುವ ಮ್ಯಾಟಿನ ಅಗಲ 51. ಎರಡು ಹಾಸಿದರೆ 102. ಉಳಿದ 28ರಲ್ಲಿ ನಿಮ್ಮ ಮೊಣಕೈ, ಅವರ ಮೊಣಕೈ, ನೀರಿನ ಬಾಟಲಿ, ಹೆಡ್‌ಲ್ಯಾಂಪು, ಹತ್ತು ವರ್ಷದ ಸ್ನೇಹ ಎಲ್ಲ ಹಿಡಿಸಬೇಕು. ಒಬ್ಬರು 64ರ ಅಗಲ ಮ್ಯಾಟು ತಂದರೋ, ಉಳಿಯುವುದು 15. ಇಬ್ಬರೂ ತಂದರೆ ಎರಡೇ ಎರಡು ಸೆಂಟಿಮೀಟರ್.

ಮದುವೆಮನೆಯ ಚಾವಡಿಯಲ್ಲಿ ಒಂದು ಚಾಪೆಗೆ ನಾಲ್ಕು ಮಂದಿ ಮಲಗಿ ಅಭ್ಯಾಸ ಇದ್ದವರಿಗೆ ಇದೆಲ್ಲ ಎಂತ ಲೆಕ್ಕ ಅನಿಸಬಹುದು. ಚಾವಡಿಯಲ್ಲಿ ಉರುಳಿದರೆ ಸಿಗುವುದು ಇನ್ನೊಬ್ಬ ಭಾವ. ಟೆಂಟಿನಲ್ಲಿ ಉರುಳಿದರೆ ಸಿಗುವುದು ಒದ್ದೆ ಗೋಡೆ.

ಆ ಒದ್ದೆ ಹೊರಗಿನ ಮಳೆಯದ್ದಲ್ಲ, ನಿಮ್ಮದೇ. ರಾತ್ರಿ ಕಳೆಯುವುದರೊಳಗೆ ಒಬ್ಬರ ಉಸಿರು, ಚರ್ಮದಿಂದ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಇಬ್ಬರದ್ದು ಸೇರಿದರೆ ಅರ್ಧ ಲೀಟರ್. ಅದು ಟೆಂಟಿನ ಮೇಲೆ ಮಳೆಗೆಂದು ಹೊದಿಸುವ ತಣ್ಣಗಿನ ಹೊರಹೊದಿಕೆಗೆ ತಾಗಿ ಹನಿಯಾಗುತ್ತದೆ. ಡಿಸೆಂಬರಿನಲ್ಲಿ 22 ಡಿಗ್ರಿ ಕಂಡರೆ ಶಾಲು ಹುಡುಕುವ ಕರಾವಳಿಯವರು ಹಿಮಾಚಲಕ್ಕೆ ಹೋದ ಮೊದಲ ರಾತ್ರಿ ಮಾಡುವ ಕೆಲಸ ಒಂದೇ: ಇದ್ದಬದ್ದ ಜಿಪ್ಪು, ಗಾಳಿಕಿಂಡಿ ಎಲ್ಲ ಮುಚ್ಚುವುದು. ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗಿನ ಕಾಲಿನ ಭಾಗ ಹಿಂಡುವ ಹಾಗಿರುತ್ತದೆ, ಆಮೇಲೆ ‘ಟೆಂಟು ಸೋರುತ್ತದೆ’ ಎಂದು ಅಂಗಡಿಯವನಿಗೆ ಬೈಗುಳ. ಮೇಲಿನ ಕಿಂಡಿ ತೆರೆದೇ ಇರಲಿ. ಗೂಟಗಳನ್ನು ಎಳೆದು ಹೊಡೆದು, ಟೆಂಟಿನ ಒಳಪದರಕ್ಕೂ ಹೊರಹೊದಿಕೆಗೂ ನಡುವೆ ಅಂತರ ಉಳಿಸಿ. ಚಳಿಯಾದರೆ ಟೊಪ್ಪಿ ಹಾಕಿ, ಕಿಂಡಿ ಮುಚ್ಚಬೇಡಿ.

ಯಾರು ಎಲ್ಲಿ ಮಲಗುವುದೆಂದು ಹಗಲಿನಲ್ಲೇ ಇತ್ಯರ್ಥವಾಗಲಿ. ಎತ್ತರದಲ್ಲಿ ದಿನಕ್ಕೆ ಮೂರು-ನಾಲ್ಕು ಲೀಟರ್ ನೀರು ಕುಡಿಸುತ್ತಾರೆ, ಕುಡಿದದ್ದು ರಾತ್ರಿ ಎರಡಕ್ಕೆ ಏಳಿಸುತ್ತದೆ. ಪಕ್ಕದಲ್ಲಿ ಒಂದೇ ಬಾಗಿಲಿದ್ದರೆ ಆಗಾಗ ಏಳುವವರು ಬಾಗಿಲ ಬದಿಗೆ. ಇಳಿಜಾರಾದರೆ ತಲೆ ಮೇಲಕ್ಕೆ. ಅಡ್ಡ ಇಳಿಜಾರು ತಪ್ಪಿಸಲಾಗದಿದ್ದರೆ ಹೆಚ್ಚು ತೂಕದವರು ತಗ್ಗಿನ ಬದಿಗೆ, ಯಾಕೆಂದರೆ ನುಣುಪು ಬಟ್ಟೆಯ ಮೇಲೆ ಮ್ಯಾಟು ಜಾರುತ್ತದೆ. 85 ಕಿಲೋದ ಗೆಳೆಯ ಮೇಲಿದ್ದರೆ ಬೆಳಗಾಗುವಾಗ ಅವರ ಮ್ಯಾಟಿನ ಮೇಲೆ ಯಾರೂ ಇರುವುದಿಲ್ಲ, ನಿಮ್ಮ ಮೇಲೆ ಇರುತ್ತಾರೆ. ಗೊರಕೆಯವರು ಹತ್ತು ನಿಮಿಷ ತಡವಾಗಿ ಮಲಗುವುದು ದೊಡ್ಡ ಉಪಕಾರ. ತಲೆ-ಕಾಲು ಅದಲುಬದಲು ಮಾಡಿದರೆ ಗೊರಕೆ ಸ್ವಲ್ಪ ದೂರವಾಗುತ್ತದೆ ನಿಜ, ಆದರೆ ಮೂರು ದಿನದ ಸಾಕ್ಸು ಮೂಗಿಗೆ ಹತ್ತಿರವಾಗುತ್ತದೆ. ಫೋಮಿನ ಇಯರ್‌ಪ್ಲಗ್ಗೇ ವಾಸಿ: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಗೆ ತುರುಕಿ, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಿರಿ.

ಇನ್ನು ತೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ. ನಮ್ಮವರಿಗೆ ಎಲ್ಲವೂ ತೊಟ್ಟೆಯಲ್ಲೇ ಬೇಕು: ಬ್ರಷ್ಷಿಗೊಂದು, ಚಕ್ಕುಲಿಗೊಂದು, ಆ ಎರಡನ್ನೂ ಹಾಕಲಿಕ್ಕೆ ಮತ್ತೊಂದು. ರಾತ್ರಿ ಒಂದು ಗಂಟೆಗೆ ಕತ್ತಲಲ್ಲಿ ಗುಳಿಗೆ ಹುಡುಕುವಾಗ ಆ ಪರಪರ ಸದ್ದಿಗಿಂತ ಗೊರಕೆ ಸಂಗೀತ. ಬಟ್ಟೆಯ ಸಣ್ಣ ಚೀಲಗಳನ್ನೇ ಇಟ್ಟುಕೊಳ್ಳಿ. ದೊಡ್ಡ ಬ್ಯಾಗು ಒಳಗೆ ಬರಕೂಡದು, ಬಾಗಿಲ ಹೊರಗೆ ಹೊರಹೊದಿಕೆಯ ಅಡಿಯಲ್ಲೇ ಇರಲಿ. ಮಲಗುವಾಗ ಒಬ್ಬೊಬ್ಬರಾಗಿ ಒಳಗೆ ಹೋಗಿ: ಒಬ್ಬರು ಮ್ಯಾಟು ಊದಿ, ಬಟ್ಟೆ ಬದಲಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿದ ಮೇಲೆ ಇನ್ನೊಬ್ಬರು.

ಹೊರುವಾಗಲೂ ಪಾಲು ಉಂಟು. ಒಬ್ಬರಿಗೆ ಟೆಂಟಿನ ಬಟ್ಟೆ, ಒಬ್ಬರಿಗೆ ಕೋಲು-ಗೂಟ ಎಂದು ಹಂಚುವುದು ನ್ಯಾಯವಾಗಿ ಕಾಣುತ್ತದೆ. ಬಟ್ಟೆಯವರು ಒಂದು ಗಂಟೆ ಮುಂಚೆ ತಲುಪಿ ಆಲಿಕಲ್ಲು ಶುರುವಾದಾಗ ಮಾತ್ರ ನ್ಯಾಯದ ಬಗ್ಗೆ ಅಭಿಪ್ರಾಯ ಬದಲಾಗುತ್ತದೆ. ಹೊರಹೊದಿಕೆ ಮೊದಲು ನಿಲ್ಲಿಸುವ ಮಾದರಿಯಾದರೆ ಅದನ್ನೂ ಕೋಲು-ಗೂಟವನ್ನೂ ಬೇಗ ನಡೆಯುವವರಿಗೇ ಕೊಡಿ. ಒಳಪದರ ನಿಧಾನದವರ ಪಾಲಿಗೆ.

ಇದನ್ನೆಲ್ಲ ಮೊದಲೇ ಅಭ್ಯಾಸ ಮಾಡುವ ಎಂದು ಟೆಂಟು ಹೊತ್ತು ಕುದುರೆಮುಖಕ್ಕೆ ಹೊರಡಬೇಡಿ, ರಾಷ್ಟ್ರೀಯ ಉದ್ಯಾನದೊಳಗೆ ಬಿಡಾರ ಹೂಡಲಿಕ್ಕಿಲ್ಲ. ಮನೆಯ ತಾರಸಿ ಸಾಕು. ಗೂಟದ ಬದಲು ಹಗ್ಗಕ್ಕೆ ಇಟ್ಟಿಗೆ ಕಟ್ಟಿ.

ತಿರುಗಿ ಬಂದ ಮೇಲೆ ಟೆಂಟು ಯಾರ ಮನೆಗೆ? ಇದು ಕೊನೆಯ ಜಗಳ. ಉಡುಪಿ-ಮಂಗಳೂರಿನ ಜೂನ್ ತಿಂಗಳಲ್ಲಿ ಒದ್ದೆ ಟೆಂಟನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಬೂಷ್ಟು ಗ್ಯಾರಂಟಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ನೀರು ತಡೆಯುವ ಲೇಪನವೂ ಅಂಟಂಟಾಗಿ ವಾಸನೆ ಹಿಡಿಯುತ್ತದೆ. ಮನೆಯ ಹಾಲ್‌ನಲ್ಲಿ ಹಗ್ಗ ಕಟ್ಟಿ, ಎರಡು ದಿನ ಫ್ಯಾನಿನಡಿ ಹರಡಿಕೊಳ್ಳಲಿ. ಆ ಎರಡು ದಿನ ಮನೆಯವರು ಅದರಡಿ ಬಗ್ಗಿಕೊಂಡೇ ಅಡುಗೆಮನೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಟೆಂಟನ್ನು ಗೆಳೆಯರ ಮನೆಗೇ ಕಳಿಸಿ. ಗೂಟಗಳ ಚೀಲ ಮಾತ್ರ ನಿಮ್ಮಲ್ಲೇ ಇರಲಿ, ನಿಮ್ಮನ್ನು ಬಿಟ್ಟು ಹೋಗದ ಹಾಗೆ.