ಕನ್‌ಫ್ಯೂಷಿಯಸ್ ಹೇಳದ ಮಾತು: ಒಂದು ಸ್ಪಷ್ಟನೆ

'ಇಷ್ಟದ ಕೆಲಸ ಆರಿಸಿಕೊಳ್ಳಿ, ಜೀವಮಾನದಲ್ಲಿ ಒಂದು ದಿನವೂ ದುಡಿಯಬೇಕಾಗಿಲ್ಲ' ಎಂಬ ಸಾಲು ಪ್ರಾಚೀನ ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ಹೆಸರು, ಬಿಳಿ ಗಡ್ಡದ ಚಿತ್ರದ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಆತನ ಮಾತುಗಳ ಸಂಗ್ರಹ 'ಲುನ್‌ಯು'ವಿನ 20 ಅಧ್ಯಾಯಗಳಲ್ಲಿ ಎಲ್ಲೂ ಈ ಸಾಲಿಲ್ಲ.

ಆರನೇ ಅಧ್ಯಾಯದಲ್ಲಿ ಇದಕ್ಕೆ ದೂರದ ನೆಂಟನಂಥ ಮಾತೊಂದಿದೆ: ತಿಳಿದವನಿಗಿಂತ ಪ್ರೀತಿಸುವವನು ಮೇಲು, ಪ್ರೀತಿಸುವವನಿಗಿಂತ ಅದರಲ್ಲೇ ಆನಂದ ಕಾಣುವವನು ಮೇಲು. ವ್ಯಾಖ್ಯಾನಕಾರರು ಇದನ್ನು ಅನ್ವಯಿಸಿದ್ದು ಕಲಿಕೆಗೆ, ಸನ್ಮಾರ್ಗಕ್ಕೆ, ಸಂಬಳದ ನೌಕರಿಗಲ್ಲ. ಅದೇ ಅಧ್ಯಾಯದಲ್ಲಿ ಆತ ಮನಸಾರೆ ಹೊಗಳುವ ಶಿಷ್ಯ ಯಾನ್ ಹುಯಿ. ಒಂದು ಬಿದಿರ ಬುಟ್ಟಿ ಅನ್ನ, ಒಂದು ಸೋರೆಬುರುಡೆ ನೀರು, ಇಕ್ಕಟ್ಟಿನ ಕೇರಿಯ ವಾಸ. ಬೇರೆಯವರಾಗಿದ್ದರೆ ತಾಳುತ್ತಿರಲಿಲ್ಲ, ಹುಯಿಯ ಸಂತೋಷ ಮಾತ್ರ ಕುಂದಲಿಲ್ಲ ಎನ್ನುತ್ತಾನೆ ಗುರು. ಕೆರಿಯರ್ ಸಲಹೆಗೆ ಇದು ಒಗ್ಗುವ ಉದಾಹರಣೆಯೇ?

ದುಡಿಮೆಯೇ ಬೇಡ ಎನ್ನುವ ಜಾಯಮಾನವೂ ಆತನದಲ್ಲ. ಐವತ್ತು ದಾಟಿದ ಮೇಲೆ ತವರು ರಾಜ್ಯ ಲು ಬಿಟ್ಟು, ತನ್ನ ಮಾತು ಕೇಳುವ ಅರಸನನ್ನು ಹುಡುಕುತ್ತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲೆದ. ಬರಿಗೈಲಿ ಮರಳಿದ. ಶಿಷ್ಯ ಝಿಲು ಒಮ್ಮೆ 'ಕಲ್ಲಿನ ಬಾಗಿಲು' ಎಂಬಲ್ಲಿ ರಾತ್ರಿ ತಂಗಿದ್ದಾಗ ಬಾಗಿಲು ಕಾಯುವವನು ವಿಚಾರಿಸಿದ, 'ಎಲ್ಲಿಂದ ಬಂದೆ?' ಕನ್‌ಫ್ಯೂಷಿಯಸ್‌ನ ಕಡೆಯವನು ಎಂದ ಝಿಲು.

'ಓ, ಆಗದ ಕೆಲಸ ಅಂತ ಗೊತ್ತಿದ್ದೂ ಮಾಡ್ತಾನೇ ಇರ್ತಾನಲ್ಲ, ಅವನಾ?'