ಸೊಸೆ ಪೋಷಕಿ, ಮಾವ ಓನರ್

ಲಂಡನ್ನಿನಲ್ಲಿ ಎವೆಲಿನಾ ಅಂತ ಒಂದು ಮಕ್ಕಳ ಆಸ್ಪತ್ರೆ ಇದೆ. ಹೆರಿಗೆಯಲ್ಲಿ ತೀರಿಕೊಂಡ ಹೆಂಡತಿಯ ಹೆಸರಲ್ಲಿ ಫರ್ಡಿನಾಂಡ್ ಡಿ ರಾಥ್‌ಚೈಲ್ಡ್ ಎಂಬ ಸಾಹುಕಾರ 1869ರಲ್ಲಿ ಶುರು ಮಾಡಿದ್ದು. ಪಾಪ, ಹಳೇ ಕಾಲದವನು, ಕೈಯಿಂದ ದುಡ್ಡು ಹಾಕಿದ. ಈಗ ಅಷ್ಟೆಲ್ಲ ಕಷ್ಟ ಬೇಡ, ಹೆಸರು ಕೊಟ್ಟರೆ ಸಾಕು. 2018ರಿಂದ ಬ್ರಿಟನ್ ಅರಮನೆಯ ಸೊಸೆ ಕೇಟ್ ಈ ಆಸ್ಪತ್ರೆಯ ಪೋಷಕಿ, ಅಂದರೆ ಪೇಟ್ರನ್. 2023ರ ಡಿಸೆಂಬರಿನಲ್ಲಿ ಬಂದು ಮಕ್ಕಳ ಆಪರೇಷನ್ ವಿಭಾಗವೊಂದನ್ನು ಉದ್ಘಾಟಿಸಿದರು. ಕ್ಯಾಮೆರಾಗಳು ಬಂದವು, ಮಕ್ಕಳು ನಕ್ಕರು, ಎಲ್ಲ ಚೆನ್ನಾಗಿತ್ತು.

ಇನ್ನು ಮಾವನ ಕಡೆ ಬರೋಣ.

ಈ ಎವೆಲಿನಾ ಇರುವುದು ಗೈಸ್ ಅಂಡ್ ಸೇಂಟ್ ಥಾಮಸ್ ಎಂಬ ಸರ್ಕಾರಿ ಆಸ್ಪತ್ರೆಗಳ ಟ್ರಸ್ಟಿನ ಕೆಳಗೆ. ಆ ಟ್ರಸ್ಟಿಗೆ ತನ್ನ ಎಲೆಕ್ಟ್ರಿಕ್ ಆಂಬ್ಯುಲೆನ್ಸ್ ನಿಲ್ಲಿಸಲು ಒಂದು ಗೋದಾಮು ಬೇಕಿತ್ತು. ಸಿಕ್ಕಿತು. ಜಾಗ ಯಾರದ್ದು ಅಂತೀರಿ? ಡಚಿ ಆಫ್ ಲ್ಯಾಂಕಾಸ್ಟರ್‌ದು. ಅಂದರೆ ಚಾರ್ಲ್ಸ್ ಮಹಾರಾಜರ ಖಾಸಗಿ ಖರ್ಚಿಗೆ ದುಡ್ಡು ಒದಗಿಸುವ, ಕಂಪನಿಗಳು ಲಾಭದ ಮೇಲೆ ಕಟ್ಟುವ ಕಾರ್ಪೊರೇಷನ್ ತೆರಿಗೆಯನ್ನೂ ಕಟ್ಟಬೇಕಿಲ್ಲದ ಆಸ್ತಿ. 15 ವರ್ಷಕ್ಕೆ ಬಾಡಿಗೆ 1 ಕೋಟಿ 14 ಲಕ್ಷ ಪೌಂಡ್, ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ. 2024ರ ನವೆಂಬರಿನಲ್ಲಿ ಅಲ್ಲಿನ ಪತ್ರಕರ್ತರು ಇದನ್ನು ಹೊರಗೆ ಹಾಕಿದಾಗ ಜನ ಹೌಹಾರಿದರು. ಯಾಕೆ ಹೌಹಾರಬೇಕೋ ಗೊತ್ತಿಲ್ಲ, ಎಲ್ಲ ಕಾನೂನು ಪ್ರಕಾರವೇ ಇದೆಯಲ್ಲ! ಮಗುವಿನ ನಾಮಕರಣಕ್ಕೆ ಬಂದು ತಲೆ ಸವರಿ ಹೋದ ಓನರ್ ಒಂದನೇ ತಾರೀಕು ಬಾಡಿಗೆ ಬಿಡುತ್ತಾನಾ?

ಅಲ್ಲ, ಇಂಥ ಪೋಷಕರು ಇದ್ದರೆ ದಾನ ಹರಿದು ಬರುತ್ತದೆ ಅಂತ ಒಂದು ವಾದ ಇದೆ. ಅದನ್ನೂ 2020ರಲ್ಲಿ ಗಿವಿಂಗ್ ಎವಿಡೆನ್ಸ್ ಎಂಬ ಸಂಸ್ಥೆ ಕೂತು ಲೆಕ್ಕ ಹಾಕಿತು. ರಾಜಮನೆತನದ ಪೋಷಕರಿಂದ ಆದಾಯ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಹೋಗಲಿ, ಪೋಷಕರು ಮುಖವಾದರೂ ತೋರಿಸುತ್ತಾರಾ ಅಂದರೆ, ನೂರರಲ್ಲಿ 74 ಸಂಸ್ಥೆಗಳಿಗೆ ಹಿಂದಿನ ಇಡೀ ವರ್ಷ ಅವರ ಒಂದೇ ಒಂದು ಸಾರ್ವಜನಿಕ ಕಾರ್ಯಕ್ರಮವೂ ಸಿಕ್ಕಿರಲಿಲ್ಲ. ಲೆಟರ್‌ಹೆಡ್ಡಿನ ಮೇಲೆ ಮಾತ್ರ ದಿನಾ ಹಾಜರಿ.

ಹೋಲಿಸಿ ನೋಡಲು ಅದೇ ಊರಿನ ಇನ್ನೊಂದು ಮಕ್ಕಳ ಆಸ್ಪತ್ರೆ, ಗ್ರೇಟ್ ಆರ್ಮಂಡ್ ಸ್ಟ್ರೀಟ್. ಜೆ. ಎಂ. ಬ್ಯಾರಿ ಎಂಬ ಲೇಖಕ 1929ರಲ್ಲಿ ಪೀಟರ್ ಪ್ಯಾನ್ ಎಂಬ ತನ್ನ ಮಕ್ಕಳ ಕಥೆಯ ಹಕ್ಕನ್ನು ಪೂರ್ತಿ ಅದಕ್ಕೆ ಬರೆದುಕೊಟ್ಟ. ಎಷ್ಟು ಬಂತು ಅಂತ ಹೇಳಬೇಡಿ ಅಂತಲೂ ಕೇಳಿಕೊಂಡ. ಬ್ರಿಟನ್ನಿನಲ್ಲಿ ಆ ರಾಯಲ್ಟಿ ಎಂದೆಂದಿಗೂ ಆಸ್ಪತ್ರೆಗೇ ಸಲ್ಲಲಿ ಅಂತ 1988ರಲ್ಲಿ ಕಾನೂನನ್ನೇ ಮಾಡಿದರು. ಒಬ್ಬ ಕಥೆ ಬರೆಯುವವನು ಇಷ್ಟು ಮಾಡಬಹುದಾದರೆ, ಕಿರೀಟ ಇಟ್ಟುಕೊಂಡವರು ಕನಿಷ್ಠ ಗೋದಾಮಿನ ಬಾಡಿಗೆಯಲ್ಲಿ ಒಂಚೂರು ಡಿಸ್ಕೌಂಟ್ ಕೊಡಬಾರದಾ?

ನನ್ನದೊಂದು ಸಲಹೆ ಇದೆ. ಅರಮನೆಯಲ್ಲಿ ಹಬ್ಬಕ್ಕೋ ಹರಿದಿನಕ್ಕೋ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರಲ್ಲ, ಆಗ ಸೊಸೆ ಮೆಲ್ಲಗೆ, "ಮಾವ, ನಮ್ಮ ಆಸ್ಪತ್ರೆಯವರು ಸ್ವಲ್ಪ ಕಷ್ಟದಲ್ಲಿದ್ದಾರೆ, ನಿಮಗೆ ಗೊತ್ತಿರೋ ಕಡೆ ಎಲ್ಲಾದರೂ ಕಡಿಮೆ ಬಾಡಿಗೆಗೆ ಜಾಗ ಇದ್ದರೆ ಹೇಳಿ" ಅಂತ ಕೇಳಬೇಕು.