ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಒಂದೇ ಅಲ್ಲ

ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: "ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎಲ್ಲ ಒಂದೇ. ಯಾರ ಹತ್ತಿರ ಹೋದರೂ ಮಾತ್ರೆ ಬರೆದುಕೊಡುತ್ತಾರೆ." ಇದು ತಪ್ಪು.

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವುದು ಅವರ ಕೆಲಸ.

ಜಾಸ್ತಿ ಗೊಂದಲ ಇರುವುದು ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರಿನಲ್ಲಿ. ಇವರು ಮಾತ್ರೆಯಿಂದಲ್ಲ, ಮಾತಿನ ಚಿಕಿತ್ಸೆಯಿಂದ ಮನಸ್ಸಿನ ತೊಂದರೆ ನೋಡುವವರು. ಸೈಕಾಲಜಿಯಲ್ಲಿ ಎಂ.ಎ. ಮಾಡಿದರೆ ಸಾಕು, ಈ ಹೆಸರನ್ನು ಬೋರ್ಡಿಗೆ ಹಾಕಿಕೊಳ್ಳಬಹುದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಒಪ್ಪಿದ ತರಬೇತಿ ಬೇಕು, ಆ ಪರಿಷತ್ತಿನ 1992ರ ಕಾಯ್ದೆಯ ಪ್ರಕಾರ ಅದರ ರಿಜಿಸ್ಟರಿನಲ್ಲಿ ಹೆಸರೂ ಇರಬೇಕು. ನೋಂದಣಿ ನಂಬರ್ ಕೇಳಿ, ಸಂಕೋಚ ಬೇಡ.

ಹಾಗಂತ ಕೌನ್ಸೆಲರ್ ಅಂದರೆ ಅರ್ಧ ಡಾಕ್ಟರ್ ಅಂತಲೂ ಅಲ್ಲ. ಪರೀಕ್ಷೆಯ ಭಯ, ಗಂಡ ಹೆಂಡತಿ ಜಗಳ, ಮನೆಯವರನ್ನು ಕಳೆದುಕೊಂಡ ದುಃಖ. ಇಂಥ ಹೊತ್ತಲ್ಲಿ ಎದುರು ಕೂತು ಕೇಳುವುದು, ದಾರಿ ಹುಡುಕಲು ಜೊತೆಯಾಗುವುದು ಬೇರೆಯದೇ ಕಸುಬು. ಅದಕ್ಕೂ ಓದು, ತರಬೇತಿ ಬೇಕು ಅಲ್ವಾ? ಒಳ್ಳೆಯ ಕೌನ್ಸೆಲರ್, ಮಾತ್ರೆ ಬೇಕಾಗಬಹುದು ಅನಿಸಿದರೆ ತಾವೇ ಮನೋವೈದ್ಯರ ಹತ್ತಿರ ಕಳಿಸುತ್ತಾರೆ.

ಯಾರನ್ನು ಕಾಣಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.